ಪರರ ಪತನ ಮತ್ತು ಪ್ರೇಕ್ಷಕನ ನಗು

ಮನುಷ್ಯನು ಏತಕ್ಕಾಗಿ ಅಳುತ್ತಾನೆಂಬುದನ್ನು ಊಹಿಸುವುದು ಸುಲಭ. ಏತಕ್ಕಾಗಿ ನಗುತ್ತಾನೆಂಬುದನ್ನು ನಿರ್ಣಯಿಸುವುದು ಕಷ್ಟ. ಅಳುವಿಗೆ ಕಾರಣವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ನಗುವಿಗಾದರೋ ಸಂತೋಷವೂ ಕಾರಣವಾಗಬಹುದು, ತಿರಸ್ಕಾರವೂ ಕಾರಣವಾಗಬಹುದು, ಭಯವೂ ಕಾರಣವಾಗಬಹುದು. ಆದುದರಿಂದಲೇ ಇರಬೇಕು, ಜೈನ ಕರ್ಮಸಿದ್ಧಾಂತವು ಹಾಸ್ಯವನ್ನು ಒಂಬತ್ತು ನೋಕಷಾಯಗಳಲ್ಲಿ ಮೊದಲನೆಯದಾಗಿ ಎಣಿಸಿ, ಶೋಕ, ಭಯ, ಜುಗುಪ್ಸೆಗಳ ಪಂಕ್ತಿಯಲ್ಲಿಯೇ ಅದನ್ನು ಕುಳ್ಳಿರಿಸಿದೆ. ನಗುವುದೇ ಪಾಪವೆಂದು ಇದರ ಅರ್ಥವಲ್ಲ. ನಗು ಬಂದಾಗ ಅದರ ಮೂಲವನ್ನು ವಿಚಾರಿಸಿ ನೋಡಬೇಕೆಂಬುದು ಇದರ ತಾತ್ಪರ್ಯ.

ಇಂದಿನ ದಿನಗಳಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಸಕ್ತಿಯಿದೆ. ಕರಾಳ ಹಾಸ್ಯವೆಂಬ ಪ್ರಕಾರದ ಚಲನಚಿತ್ರಗಳು ಪರದೇಶಗಳಿಂದ ಮನೆಮನೆಗೂ ಬಂದಿವೆ. ಇವುಗಳಲ್ಲಿ ಸಾವು, ಅವಮಾನ, ಸೋಲು ಇವೇ ನಗೆಯ ಸಾಮಗ್ರಿ. ಕಾಲೇಜಿಗೆ ಹೋಗುವ ಮಕ್ಕಳು ಇವನ್ನು ನೋಡಿ ನಗುತ್ತಾರೆ. ಪಕ್ಕದಲ್ಲಿ ಕುಳಿತ ತಂದೆತಾಯಿಗಳು ಏಕೆ ನಗಬೇಕೆಂದು ತಿಳಿಯದೆ ಎದ್ದುಹೋಗುತ್ತಾರೆ. ಇವರಿಬ್ಬರಲ್ಲಿ ಯಾರ ಪ್ರತಿಕ್ರಿಯೆ ಸರಿ? ಪರರು ಬೀಳುವುದನ್ನು ಕಂಡು ನಗುವವನು ಆ ಬೀಳುವಿಕೆಯಲ್ಲಿ ಪಾಲುದಾರನಾಗುತ್ತಾನೆಯೇ? ಈ ಪ್ರಶ್ನೆಯನ್ನು ಒಂದು ನಿಶ್ಚಿತ ಉದಾಹರಣೆಯ ಮೂಲಕ ವಿಚಾರಿಸಿದರೆ ಸ್ಪಷ್ಟತೆ ಬರುತ್ತದೆ. ಅಮೆರಿಕದ ಸೋದರರಾದ ಜೋಯೆಲ್ ಕೋಯೆನ್ ಮತ್ತು ಈಥನ್ ಕೋಯೆನ್ 1991ರಲ್ಲಿ ಹೊರತಂದ ‘ಬಾರ್ಟನ್ ಫಿಂಕ್’ ಎಂಬ ಚಿತ್ರವು ಇದಕ್ಕೆ ತಕ್ಕ ಉದಾಹರಣೆ. ಅದನ್ನು ನೋಡಿದವರಲ್ಲಿ ಹುಟ್ಟಿದಷ್ಟು ಭಿನ್ನಾಭಿಪ್ರಾಯಗಳು ಆ ಕಾಲದ ಬೇರೆ ಚಿತ್ರಗಳ ಬಗ್ಗೆ ಹುಟ್ಟಿದ್ದು ವಿರಳ.

ಕಥಾಸಾರ

ಕಥೆ ನಡೆಯುವುದು 1941ರಲ್ಲಿ. ಬಾರ್ಟನ್ ಫಿಂಕ್ ನ್ಯೂಯಾರ್ಕಿನ ಯುವ ನಾಟಕಕಾರ. ಮೀನು ಮಾರುವ ಬಡವರನ್ನು ಕುರಿತ ಅವನ ನಾಟಕವು ಜಯಭೇರಿ ಹೊಡೆದಿದೆ. ಸಾಮಾನ್ಯ ಮನುಷ್ಯನಿಗಾಗಿ ಹೊಸ ರಂಗಭೂಮಿಯನ್ನು ಕಟ್ಟುವುದೇ ತನ್ನ ಜೀವಿತದ ವ್ರತವೆಂದು ಅವನು ಹೇಳಿಕೊಳ್ಳುತ್ತಾನೆ. ಹಾಲಿವುಡ್ಡಿನ ಒಂದು ಸಂಸ್ಥೆಯು ವಾರಕ್ಕೆ ಸಾವಿರ ಡಾಲರ್ ಸಂಬಳ ಕೊಟ್ಟು ಅವನನ್ನು ಕರೆಸಿಕೊಂಡು, ಒಂದು ಕುಸ್ತಿಯ ಚಿತ್ರಕ್ಕೆ ಕಥೆ ಬರೆಯಲು ನಿಯಮಿಸುತ್ತದೆ. ಬಾರ್ಟನ್ ಅರ್ಲ್ ಎಂಬ ಹಳೆಯ ಹೋಟೆಲಿನಲ್ಲಿ ಕೊಠಡಿ ಹಿಡಿಯುತ್ತಾನೆ. ಸೆಕೆ, ಸೊಳ್ಳೆ, ಗೋಡೆಯಿಂದ ಕಿತ್ತುಬರುವ ಕಾಗದ, ಅದರಿಂದ ಒಸರುವ ಅಂಟು. ಮೇಜಿನ ಮೇಲ್ಗಡೆ ಕಡಲತೀರದಲ್ಲಿ ಕುಳಿತ ಹೆಣ್ಣಿನ ಒಂದು ಪಟ. ಬೆರಳಚ್ಚು ಯಂತ್ರದ ಮುಂದೆ ದಿನಗಟ್ಟಲೆ ಕುಳಿತರೂ ಮೊದಲಿನ ಕೆಲವು ಸಾಲುಗಳಾಚೆಗೆ ಕಥೆ ಸಾಗುವುದಿಲ್ಲ.

ಪಕ್ಕದ ಕೊಠಡಿಯಲ್ಲಿ ಚಾರ್ಲಿ ಮೆಡೋಸ್ ಎಂಬ ವಿಮಾ ಪ್ರತಿನಿಧಿ ಇದ್ದಾನೆ. ಸ್ಥೂಲಕಾಯ, ಸ್ನೇಹಶೀಲ, ಕಿವಿಯಲ್ಲಿ ಸೋರುವ ರೋಗ. ತಾನು ಕಂಡ ಜನರ ಕಥೆಗಳನ್ನು ಹೇಳುತ್ತೇನೆಂದು ಅವನು ಮತ್ತೆ ಮತ್ತೆ ಬಾಯಿ ತೆರೆಯುತ್ತಾನೆ. ಪ್ರತಿಸಲವೂ ಬಾರ್ಟನ್ ಅವನ ಮಾತನ್ನು ತಡೆದು, ಸಾಮಾನ್ಯ ಮನುಷ್ಯನ ಬಗ್ಗೆ ತಾನೇ ಉಪನ್ಯಾಸ ಮಾಡುತ್ತಾನೆ! ಸಾಮಾನ್ಯ ಮನುಷ್ಯನು ಎದುರಿಗೇ ಕುಳಿತಿರುವಾಗ ಅವನ ಮಾತಿಗೆ ಅವಕಾಶವಿಲ್ಲ.

ದಿಕ್ಕುಗಾಣದ ಬಾರ್ಟನ್ ತಾನು ಮೆಚ್ಚಿದ ಹಿರಿಯ ಕಾದಂಬರಿಕಾರ ಮೇಹ್ಯೂನನ್ನು ಕಾಣುತ್ತಾನೆ. ಆತನೀಗ ಕುಡಿತಕ್ಕೆ ದಾಸ. ಅವನ ಹೆಸರಿನಲ್ಲಿ ಇತ್ತೀಚೆಗೆ ಬಂದ ಬರಹಗಳಲ್ಲಿ ಬಹುಪಾಲು ಅವನ ಕಾರ್ಯದರ್ಶಿನಿ ಆಡ್ರಿಯದು. ಆಡ್ರಿ ಬಾರ್ಟನ್‌ಗೆ ನೆರವಾಗಲು ಒಂದು ರಾತ್ರಿ ಅವನ ಕೊಠಡಿಗೆ ಬರುತ್ತಾಳೆ. ಬೆಳಗ್ಗೆ ಅವಳ ಬೆನ್ನಮೇಲೆ ಕುಳಿತ ಸೊಳ್ಳೆಯನ್ನು ಬಾರ್ಟನ್ ಹೊಡೆದಾಗ ಅವಳು ಸತ್ತುಬಿದ್ದಿರುವುದು ತಿಳಿಯುತ್ತದೆ. ಚಾರ್ಲಿ ಶವವನ್ನು ಸಾಗಿಸುತ್ತಾನೆ. ಅನಂತರ ಒಂದು ಪೆಟ್ಟಿಗೆಯನ್ನು ಬಾರ್ಟನ್‌ನ ವಶಕ್ಕೆ ಕೊಟ್ಟು ಊರಿಗೆ ಹೋಗುತ್ತಾನೆ. ಆ ಚಾರ್ಲಿಯ ನಿಜನಾಮ ಕಾರ್ಲ್ ಮುಂಟ್, ಅವನು ತಲೆ ಕತ್ತರಿಸುವ ಸರಣಿ ಕೊಲೆಗಾರ ಎಂಬುದನ್ನು ಪೊಲೀಸರು ತಿಳಿಸುತ್ತಾರೆ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡ ಬಾರ್ಟನ್‌ನಿಗೆ ಆಗ ಸ್ಫೂರ್ತಿ ಬಂದು, ಕಥೆಯನ್ನು ಒಂದೇ ಬಿರುಸಿನಲ್ಲಿ ಮುಗಿಸುತ್ತಾನೆ! ಕೊನೆಗೆ ಚಾರ್ಲಿ ಹಿಂತಿರುಗಿ ಬರುತ್ತಾನೆ, ಹೋಟೆಲು ಹೊತ್ತಿ ಉರಿಯುತ್ತದೆ, ಪೊಲೀಸರಿಬ್ಬರೂ ಸಾಯುತ್ತಾರೆ. ನನಗೇಕೆ ಈ ಗತಿ ಎಂದು ಬಾರ್ಟನ್ ಕೇಳಿದಾಗ, ನೀನು ಕಿವಿಗೊಡುವುದಿಲ್ಲ ಎಂಬುದೇ ಕಾರಣವೆಂದು ಚಾರ್ಲಿ ಉತ್ತರಿಸುತ್ತಾನೆ. ನ್ಯೂಯಾರ್ಕಿನಲ್ಲಿ ಬಾರ್ಟನ್‌ನ ಮನೆಯವರನ್ನು ತಾನು ಕಂಡುಬಂದುದಾಗಿಯೂ ಹೇಳುತ್ತಾನೆ. ಬಾರ್ಟನ್ ಮನೆಗೆ ದೂರವಾಣಿ ಮಾಡಿದರೆ ಉತ್ತರವಿಲ್ಲ. ಸಂಸ್ಥೆಯ ಒಡೆಯನು ಬರೆದ ಕಥೆಯನ್ನು ಧಿಕ್ಕರಿಸಿ, ಒಪ್ಪಂದದಿಂದ ಬಿಡುಗಡೆಯನ್ನೂ ಕೊಡದೆ, ಬರೆದುದನ್ನು ಚಿತ್ರವಾಗಿಸುವುದೂ ಇಲ್ಲವೆನ್ನುತ್ತಾನೆ. ಬಾರ್ಟನ್ ಪೆಟ್ಟಿಗೆಯನ್ನು ಹಿಡಿದು ಕಡಲತೀರದಲ್ಲಿ ಕುಳಿತಿರುವಲ್ಲಿ, ಪಟದ ಹೆಣ್ಣಿನಂಥ ಒಬ್ಬಳು ಅವನೆದುರು ಬಂದು ಅದೇ ಭಂಗಿಯಲ್ಲಿ ಕುಳಿತುಕೊಳ್ಳುವಲ್ಲಿ, ಚಿತ್ರ ಮುಗಿಯುತ್ತದೆ. ಪೆಟ್ಟಿಗೆಯು ತೆರೆಯುವುದೇ ಇಲ್ಲ.

ನೋಡಿದವರ ನಾನಾ ಪಕ್ಷಗಳು

1991ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ರೋಮನ್ ಪೊಲಾನ್‌ಸ್ಕಿ ಅಧ್ಯಕ್ಷರಾಗಿದ್ದ ತೀರ್ಪುಗಾರರ ಮಂಡಳಿಯು ಈ ಒಂದೇ ಚಿತ್ರಕ್ಕೆ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ತಾಳೆ, ಅತ್ಯುತ್ತಮ ನಿರ್ದೇಶಕ ಮತ್ತು ಅತ್ಯುತ್ತಮ ನಟ ಎಂಬ ಮೂರೂ ಗೌರವಗಳನ್ನು ಕೊಟ್ಟಿತು. ನಟ ಪ್ರಶಸ್ತಿ ಪಡೆದವರು ಬಾರ್ಟನ್‌ನ ಪಾತ್ರಧಾರಿ ಜಾನ್ ಟರ್ಟುರೋ. ಚಾರ್ಲಿಯ ಪಾತ್ರ ಜಾನ್ ಗುಡ್‌ಮನ್ನರದು, ಆಡ್ರಿಯದು ಜೂಡಿ ಡೇವಿಸರದು. ಪಂಡಿತರ ಮೆಚ್ಚುಗೆ ಹೀಗಿದ್ದರೆ, ಪೇಟೆಯ ಲೆಕ್ಕ ಬೇರೆಯೇ ಆಯಿತು. ಸುಮಾರು 90 ಲಕ್ಷ ಡಾಲರ್ ವೆಚ್ಚದ ಚಿತ್ರವು ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಸುಮಾರು 60 ಲಕ್ಷ ಡಾಲರ್. ಆಸ್ಕರ್ ಪ್ರಶಸ್ತಿಗೆ ಮೂರು ವಿಭಾಗಗಳಲ್ಲಿ ಹೆಸರು ಸೂಚಿತವಾಗಿ, ಒಂದೂ ದಕ್ಕಲಿಲ್ಲ. ಒಂದೇ ವಸ್ತುವಿಗೆ ಒಂದು ಸಭೆಯಲ್ಲಿ ಜಮಾ, ಮತ್ತೊಂದು ಸಭೆಯಲ್ಲಿ ಖರ್ಚು.

ಪ್ರೇಕ್ಷಕರ ಅಭಿಪ್ರಾಯಗಳನ್ನು ಸ್ಥೂಲವಾಗಿ ಐದು ಪಕ್ಷಗಳಾಗಿ ವಿಂಗಡಿಸಬಹುದು. ಹಣಕ್ಕಾಗಿ ಕಲೆಯನ್ನು ಅರೆದುಹಾಕುವ ಚಿತ್ರೋದ್ಯಮದ ವಿಡಂಬನೆ ಇದು ಎಂಬುದು ಮೊದಲನೆಯದು. ಜಗತ್ತಿನಲ್ಲಿ ಸರ್ವಾಧಿಕಾರದ ಬೆಂಕಿ ಹೊತ್ತುತ್ತಿದ್ದಾಗ ತಮ್ಮ ಮಾತಿನಲ್ಲಿ ತಾವೇ ಮೈಮರೆತ ಬುದ್ಧಿಜೀವಿಗಳ ರೂಪಕವಿದು ಎಂಬುದು ಎರಡನೆಯದು. ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಇಂಥ ಅರ್ಥಕ್ಕೆ ಚಿತ್ರದಲ್ಲಿ ಎಡೆಯಿದೆಯೆಂದು ತೋರಿಸಿದರು. ಹೋಟೆಲು ಒಂದು ನರಕ, ಅಥವಾ ಅದು ಬಾರ್ಟನ್‌ನ ಚಿತ್ತವೇ, ಹೊರಗೆ ಏನೂ ನಡೆದಿಲ್ಲ ಎಂಬುದು ಮೂರನೆಯದು. ಇದರಲ್ಲಿ ಅರ್ಥವೇ ಇಲ್ಲ, ಜಾಣತನದ ಪ್ರದರ್ಶನ ಮಾತ್ರ ಎಂಬುದು ನಾಲ್ಕನೆಯದು. ಯಹೂದಿ ಪಾತ್ರಗಳನ್ನೂ, ನಿಜವಾಗಿ ಬಾಳಿದ ಲೇಖಕರನ್ನೂ ವಿಕಾರವಾಗಿ ಚಿತ್ರಿಸಿ ನಗೆಗೀಡುಮಾಡಿದೆ ಎಂಬ ಆಕ್ಷೇಪ ಐದನೆಯದು. ಕೋಯೆನ್ ಸೋದರರೂ ಯಹೂದಿ ಕುಟುಂಬದವರೇ ಆದುದರಿಂದ ಈ ಆಕ್ಷೇಪವು ಇನ್ನಷ್ಟು ಜಟಿಲವಾಯಿತು. ನಿರ್ಮಾತೃಗಳಾದರೋ ಅರ್ಥವನ್ನು ಬಿಡಿಸಿ ಹೇಳುವ ಗೊಡವೆಗೆ ಹೋಗಲಿಲ್ಲ.

ಇಷ್ಟು ಪಕ್ಷಗಳನ್ನು ಕಂಡೊಡನೆ, ಅವರವರಿಗೆ ತೋರಿದ್ದೇ ಸರಿ, ಇದೇ ಅನೇಕಾಂತವಲ್ಲವೇ ಎಂದು ಹೇಳಿ ವಿಚಾರವನ್ನು ಮುಗಿಸುವವರಿದ್ದಾರೆ. ಇದು ಅನೇಕಾಂತದ ವಿಷಯದಲ್ಲಿ ಪದೇ ಪದೇ ಆಗುವ ಅಪಚಾರ. ನಯವೆಂಬುದು ವಸ್ತುವಿನಲ್ಲಿ ಇರುವ ಒಂದು ಧರ್ಮವನ್ನು ಹಿಡಿಯತಕ್ಕದ್ದು. ಇಲ್ಲದುದನ್ನು ಕಲ್ಪಿಸುವುದು ನಯವಲ್ಲ. ಇರುವ ಧರ್ಮವನ್ನು ಹಿಡಿದರೂ ಉಳಿದ ಧರ್ಮಗಳನ್ನು ನಿರಾಕರಿಸಿದರೆ ಅದು ದುರ್ನಯ. ಈ ಅಳತೆಗೋಲನ್ನು ಇಟ್ಟು ನೋಡಿದರೆ ಮೊದಲೆರಡು ಪಕ್ಷಗಳು ನಯಗಳೇ ಸರಿ. ಸಂಬಳ ಕೊಟ್ಟು ಮನುಷ್ಯನ ತಲೆಯೊಳಗಿನ ವಿಚಾರಗಳಿಗೂ ತಾನೇ ಒಡೆಯನೆನ್ನುವ ಉದ್ಯಮಪತಿ ಚಿತ್ರದಲ್ಲಿದ್ದಾನೆ. ಕೊಲೆಗಾರನ ಬಾಯಲ್ಲಿ ಹಿಟ್ಲರನಿಗೆ ಜಯಕಾರವೂ ಬರುತ್ತದೆ. ಆದರೆ ಇಷ್ಟೇ ಚಿತ್ರ ಎಂದವನು ಏಕಾಂತವಾದಿಯಾದನು. ಅರ್ಥವೇ ಇಲ್ಲವೆಂಬ ಪಕ್ಷವು, ಬಿಡಿಸಲಾಗದ ಒಗಟನ್ನು ಅರ್ಥಶೂನ್ಯತೆಯೊಡನೆ ಸಮೀಕರಿಸುತ್ತದೆ. ಈ ಎರಡೂ ಒಂದೇ ಅಲ್ಲ.

ಐದನೆಯ ಆಕ್ಷೇಪಕ್ಕೆ ಹೆಚ್ಚಿನ ಗಮನ ಸಲ್ಲಬೇಕು. ಬಾರ್ಟನ್‌ನ ಪಾತ್ರಕ್ಕೆ 1930ರ ದಶಕದ ನಾಟಕಕಾರ ಕ್ಲಿಫರ್ಡ್ ಒಡೆಟ್ಸ್‌ರ ಛಾಯೆಯಿದೆ. ಮೇಹ್ಯೂ ಪಾತ್ರಕ್ಕೆ, ವೇಷಭೂಷಣದಲ್ಲಿಯೂ ಕುಡಿತದಲ್ಲಿಯೂ, 1949ನೇ ಸಾಲಿನ ನೊಬೆಲ್ ಪ್ರಶಸ್ತಿ ಪಡೆದ ವಿಲಿಯಂ ಫಾಕ್ನರ್‌ರ ಛಾಯೆಯಿದೆ. ಫಾಕ್ನರ್ 1932ರಲ್ಲಿ ಹಾಲಿವುಡ್ಡಿಗೆ ಬಂದಾಗ ಅವರಿಗೆ ವಹಿಸಿದ ಕೆಲಸವೂ ವಾಲೇಸ್ ಬೀರಿ ಎಂಬ ನಟನಿಗಾಗಿ ಯೋಜಿಸಿದ್ದ ಕುಸ್ತಿಯ ಚಿತ್ರದ್ದೇ. ಚಿತ್ರದಲ್ಲಿ ಬಾರ್ಟನ್‌ಗೆ ಒಪ್ಪಿಸುವುದೂ ಅದೇ ನಟನ ಕುಸ್ತಿಯ ಚಿತ್ರವನ್ನು. ಇಲ್ಲಿಯವರೆಗೆ ಇತಿಹಾಸ. ಆದರೆ ಕೃತಿಗಳನ್ನು ಮತ್ತೊಬ್ಬಳಿಂದ ಬರೆಯಿಸಿದನೆಂಬ ಅಂಶವು ಮೇಹ್ಯೂ ಎಂಬ ಕಲ್ಪಿತ ಪಾತ್ರದ್ದು. ಫಾಕ್ನರ್‌ರ ಜೀವನದ ಸಂಗತಿಯಲ್ಲ. ಅವರು 1962ರಲ್ಲಿ, ಒಡೆಟ್ಸ್ 1963ರಲ್ಲಿ ತೀರಿಕೊಂಡರು. ಉತ್ತರ ಹೇಳಲು ಇಬ್ಬರೂ ಇಲ್ಲ. ಛಾಯೆಯನ್ನು ಕಂಡವನು ಸುಳ್ಳನ್ನೂ ನಿಜವೆಂದು ಮನೆಗೆ ಹೊತ್ತೊಯ್ಯುವ ಅಪಾಯ ಇಲ್ಲಿದೆ. ಕಲ್ಪನೆಗೆ ಸ್ವಾತಂತ್ರ್ಯವಿದೆ, ಆದರೆ ಪ್ರೇಕ್ಷಕನು ಆ ಕಲ್ಪನೆಯನ್ನು ಸಾಕ್ಷ್ಯವೆಂದು ಸ್ವೀಕರಿಸಿ ಇನ್ನೊಬ್ಬರಿಗೆ ಹೇಳಿದರೆ, ಅಸತ್ಯದ ಹೊಣೆ ಅವನದಾಗುತ್ತದೆ.

‘ತಕ್ಕ ಶಾಸ್ತಿ’ಯ ವಾದ

ಈ ಎಲ್ಲ ಪಕ್ಷಗಳಿಗಿಂತಲೂ ಆಳದಲ್ಲಿ, ಸಾಮಾನ್ಯ ಪ್ರೇಕ್ಷಕನ ಮನಸ್ಸಿನಲ್ಲಿ ಒಂದು ತೀರ್ಪು ನಡೆದಿರುತ್ತದೆ: ಬಾರ್ಟನ್ ಅಹಂಕಾರಿ, ಯಾರ ಮಾತನ್ನೂ ಕೇಳದವನು, ಅವನಿಗೆ ತಕ್ಕ ಶಾಸ್ತಿಯಾಯಿತು. ಈ ತೀರ್ಪಿನ ಬಲದಿಂದಲೇ ನಗು ನಿರಾತಂಕವಾಗಿ ಹೊರಡುತ್ತದೆ.

ಇದನ್ನು ಪರೀಕ್ಷಿಸಬೇಕು. ಬಾರ್ಟನ್‌ನ ದೋಷವು ಮಾನಕಷಾಯವೆಂಬುದರಲ್ಲಿ ಸಂದೇಹವಿಲ್ಲ. ಸೈನಿಕರು ಕುಣಿಯುವ ಸಭಾಂಗಣದಲ್ಲಿ ಅವನು ತನ್ನ ತಲೆಯನ್ನು ತೋರಿಸಿ ತಾನು ಸೃಷ್ಟಿಕರ್ತನೆಂದು ಕೂಗುವಾಗ ನಗು ಬಂದರೆ ಅದು ಸಹಜ, ಹಿತಕರವೂ ಹೌದು. ಮಾನವು ಉಬ್ಬಿದಾಗ ಅದನ್ನು ಕಂಡು ನಗುವವನು, ತನ್ನೊಳಗಿನ ಮಾನವನ್ನೂ ಒಂದಿಷ್ಟು ಕಂಡು ನಾಚುತ್ತಾನೆ. ಇಂಥ ನಗುವಿಗೆ ಔಷಧದ ಗುಣವಿದೆ. ಆದರೆ ಆಡ್ರಿಯ ಸಾವು, ಮನೆಯಲ್ಲಿ ಮೊಳಗಿ ಮೊಳಗಿ ನಿಲ್ಲುವ ದೂರವಾಣಿ, ಬಿಡುಗಡೆಯಿಲ್ಲದ ಬಂಧನ, ಇವು ಮಾನದ ಪ್ರಸಂಗಗಳಲ್ಲ, ವೇದನೆಯ ಪ್ರಸಂಗಗಳು. ಕಿವಿಗೊಡದಿರುವುದು ತಪ್ಪಾದರೂ, ತಂದೆತಾಯಿಗಳನ್ನು ಕಳೆದುಕೊಳ್ಳುವುದು ಆ ತಪ್ಪಿಗೆ ನ್ಯಾಯವಾದ ದಂಡನೆಯೆಂದು ಯಾವ ಧರ್ಮಾಸನವೂ ಹೇಳಲಾರದು. ಚಿತ್ರದ ಕೌಶಲ್ಯವೂ ಅಪಾಯವೂ ಇರುವುದು ಇಲ್ಲಿ: ಮಾನವನ್ನೂ ವೇದನೆಯನ್ನೂ ಒಂದೇ ಚೌಕಟ್ಟಿನಲ್ಲಿ ಇಡುತ್ತದೆ. ಒಂದಕ್ಕೆ ಹೊರಟ ನಗು ಮತ್ತೊಂದರ ಮೇಲೂ ಚೆಲ್ಲುತ್ತದೆ. ಬೇರ್ಪಡಿಸುವ ಕೆಲಸವನ್ನು ಚಿತ್ರ ಮಾಡಿಕೊಡುವುದಿಲ್ಲ. ಪ್ರೇಕ್ಷಕನ ವಿವೇಕವೇ ಮಾಡಬೇಕು.

ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಮಾತಿನ ಬಲದಿಂದ ‘ತಕ್ಕ ಶಾಸ್ತಿ’ ಎನ್ನುವವರು, ಅದೇ ಕರ್ಮಸಿದ್ಧಾಂತವೆಂದೂ ಭಾವಿಸುವುದುಂಟು. ಕರ್ಮಸಿದ್ಧಾಂತವನ್ನು ಹೀಗೆ ಪರರ ಮೇಲೆ ಪ್ರಯೋಗಿಸುವುದು ಅದರ ದುರುಪಯೋಗ. ತನಗೆ ಕಷ್ಟ ಬಂದಾಗ, ಇದಕ್ಕೆ ನನ್ನ ಪೂರ್ವಕರ್ಮ ಕಾರಣವೆಂದು ತಿಳಿದು ಇತರರ ಮೇಲಿನ ದ್ವೇಷವನ್ನು ಬಿಡಲು ಆ ಸಿದ್ಧಾಂತವು ನೆರವಾಗುತ್ತದೆ. ಪರರಿಗೆ ಕಷ್ಟ ಬಂದಾಗ ಹಿರಿಯರು ವಿಧಿಸಿದ್ದು ಕಾರುಣ್ಯವನ್ನೇ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ, ಕ್ಲೇಶಪಡುವವರ ವಿಷಯದಲ್ಲಿ ಕಾರುಣ್ಯವನ್ನು ವಿಧಿಸಿ, ಅವಿನೀತರ ವಿಷಯದಲ್ಲಿಯೂ ಮಾಧ್ಯಸ್ಥ್ಯವನ್ನು ಮಾತ್ರ ಹೇಳಿದ್ದಾರೆ. ಬಾರ್ಟನ್ ಅವಿನೀತನೆಂದೇ ಇಟ್ಟುಕೊಂಡರೂ, ಅವನಿಗೆ ಸಲ್ಲುವುದು ಮಾಧ್ಯಸ್ಥ್ಯ. ಅವನು ಕ್ಲೇಶಕ್ಕೆ ಸಿಕ್ಕಿದ ಬಳಿಕ ಸಲ್ಲುವುದು ಕಾರುಣ್ಯ. ಹಿಗ್ಗಿಗೆ ಎಲ್ಲಿಯೂ ಸ್ಥಾನವಿಲ್ಲ.

ಕರುಣೆಯ ಹೆಸರಿನ ಕೊಲೆ

ಇನ್ನೊಂದು ಪ್ರತಿಕ್ರಿಯೆ ಇದಕ್ಕಿಂತಲೂ ವಿಚಿತ್ರವಾದುದು. ಅನೇಕ ಪ್ರೇಕ್ಷಕರಿಗೆ ಬಾರ್ಟನ್‌ಗಿಂತಲೂ ಚಾರ್ಲಿಯೇ ಪ್ರಿಯನಾಗುತ್ತಾನೆ. ಅವನು ನಗುಮುಖದವನು; ನೆರೆಯವನ ಕಷ್ಟಕ್ಕೆ ಆಗುವವನು; ಕಿವಿನೋವಿನಿಂದ ನರಳುವವನು. ತಾನು ಜನರನ್ನು ಕೊಲ್ಲುವುದು ದ್ವೇಷದಿಂದಲ್ಲ, ಅವರ ಬಗ್ಗೆ ಮರುಕವುಂಟಾಗಿ, ಅವರ ಸಂಕಟವನ್ನು ನೀಗಿಸುವುದಕ್ಕಾಗಿ ಎಂಬ ಅರ್ಥದ ಮಾತನ್ನು ಅವನು ಕೊನೆಯಲ್ಲಿ ಆಡಿದಾಗ, ಪ್ರೇಕ್ಷಕನು ಕ್ಷಣಕಾಲ ತಲೆದೂಗುವಂತಾಗುತ್ತದೆ.

ಈ ವಾದ ಹೊಸದಲ್ಲ. ದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದು ಬೇಗ ದುಃಖದಿಂದ ಪಾರಾಗುತ್ತದೆ ಎಂಬ ತರ್ಕವು ಸಾವಿರ ವರ್ಷಗಳ ಹಿಂದೆಯೂ ಇದ್ದಿತು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇಂಥ ವಾಸನೆಯ ಖಡ್ಗವನ್ನು ಕೈಗೆತ್ತಿಕೊಳ್ಳಬಾರದೆಂದು ಎಚ್ಚರಿಸಿದ್ದಾರೆ. ಖಡ್ಗವೆಂದು ಅವರು ಕರೆದುದು ಆಯುಧವನ್ನಲ್ಲ, ಆ ತರ್ಕವನ್ನೇ ಎಂಬುದು ಗಮನಾರ್ಹ. ಏಕೆಂದರೆ ಕರುಣೆಯ ಮಾತನ್ನು ಆಡುವ ಕೊಲೆಗಾರನು ಕೊಲ್ಲಲ್ಪಡುವವನನ್ನು ಒಂದು ಮಾತನ್ನೂ ಕೇಳಿರುವುದಿಲ್ಲ. ನಿನಗೆ ಬದುಕು ಸಾಕಾಗಿದೆಯೇ ಎಂದು ಚಾರ್ಲಿಯು ಯಾರನ್ನು ಕೇಳಿದನು? ಬಾರ್ಟನ್ ಕಿವಿಗೊಡುವುದಿಲ್ಲವೆಂದು ಆಪಾದಿಸುವ ಚಾರ್ಲಿಯೂ ಕಿವಿಗೊಡದವನೇ. ಒಬ್ಬನು ಸಾಮಾನ್ಯ ಮನುಷ್ಯನ ಹೆಸರಿನಲ್ಲಿ ತನ್ನ ಮಾತನ್ನೇ ಆಡುತ್ತಾನೆ. ಮತ್ತೊಬ್ಬನು ಪರರ ಸಂಕಟದ ಹೆಸರಿನಲ್ಲಿ ತನ್ನ ಸಂಕಟವನ್ನೇ ತೀರಿಸಿಕೊಳ್ಳುತ್ತಾನೆ. ಅವನ ಕಿವಿಯ ರೋಗವು ಸುಮ್ಮನೆ ಬಂದುದಲ್ಲವೆಂದು ಕಾಣುತ್ತದೆ.

ಚಲನಚಿತ್ರದಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ, ಆದುದರಿಂದ ಇಲ್ಲಿ ಹಿಂಸೆಯ ವಿಚಾರವೇ ಏಳುವುದಿಲ್ಲ ಎನ್ನುವವರಿಗೆ ಜನ್ನನ ‘ಯಶೋಧರ ಚರಿತೆ’ಯನ್ನು ನೆನಪಿಸಬೇಕಾಗುತ್ತದೆ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಜೀವವಿಲ್ಲದ ಆ ಕೋಳಿಯ ಮೇಲೆ ಕತ್ತಿಯೆತ್ತಿದ ಸಂಕಲ್ಪಕ್ಕಾಗಿ ತಾಯಿಮಗ ಜನ್ಮಜನ್ಮಾಂತರ ಅಲೆಯಬೇಕಾಯಿತು. ಆದರೆ ಈ ದೃಷ್ಟಾಂತವನ್ನೂ ಅಳತೆ ಮೀರಿ ಎಳೆಯಬಾರದು. ಕೊಲೆಯ ದೃಶ್ಯವನ್ನು ಕಂಡವರೆಲ್ಲ ಕೊಂದವರಾಗುವುದಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಪ್ರೇಕ್ಷಕನನ್ನು ಮುಟ್ಟಬಹುದಾದುದು ಅನುಮತವೊಂದೇ. ದೃಶ್ಯವನ್ನು ಕಂಡು ಮನಸ್ಸು ಅಂಜಿದರೆ, ಮರುಗಿದರೆ, ವಿಚಾರಿಸಿದರೆ ಅಲ್ಲಿ ಅನುಮೋದನೆಯಿಲ್ಲ. ‘ಚೆನ್ನಾಯಿತು’ ಎಂದು ಮನಸ್ಸು ಕುಣಿದರೆ, ಕೋಳಿ ಹಿಟ್ಟಿನದಾದರೂ ಸಂಕಲ್ಪವು ಹಿಟ್ಟಿನದಲ್ಲ.

ಎಲ್ಲರೂ ಮರೆತ ಹೆಣ್ಣು

ಈ ಚಿತ್ರವನ್ನು ಕುರಿತು ಅತಿ ಹೆಚ್ಚು ಕೇಳಿಬಂದ ಪ್ರಶ್ನೆ ಯಾವುದು? ಪೆಟ್ಟಿಗೆಯಲ್ಲಿ ಏನಿದೆ ಎಂಬುದು. ತಲೆಯಿದೆಯೆಂದು ಕೆಲವರು, ಏನೂ ಇಲ್ಲವೆಂದು ಕೆಲವರು, ಬಾರ್ಟನ್‌ನ ಮನಸ್ಸೇ ಅದರಲ್ಲಿದೆಯೆಂದು ಮತ್ತೆ ಕೆಲವರು. ವಿನೋದದ ಒಗಟಿನಂತೆ ಈ ಚರ್ಚೆ ನಡೆದಿದೆ.

ಒಂದು ಕ್ಷಣ ನಿಂತು ಯೋಚಿಸಬೇಕು. ಪೆಟ್ಟಿಗೆಯಲ್ಲಿ ತಲೆಯಿರುವುದಾದರೆ, ಅದು ಬಹುಶಃ ಆಡ್ರಿಯದು. ಒಬ್ಬ ಪ್ರಸಿದ್ಧನಿಗೆ ತನ್ನ ಬರಹವನ್ನೆಲ್ಲ ಕೊಟ್ಟು ಹೆಸರಿಲ್ಲದೆ ಉಳಿದವಳು. ಮತ್ತೊಬ್ಬನಿಗೆ ನೆರವು ನೀಡಲು ಬಂದು ಜೀವವನ್ನೇ ಕಳೆದುಕೊಂಡವಳು. ಅವಳು ಸತ್ತ ದಿನ ಅಲ್ಲಿದ್ದ ಗಂಡಸರಿಬ್ಬರಿಗೂ ಇದ್ದ ಚಿಂತೆ ಶವವನ್ನು ಸಾಗಿಸುವುದೊಂದೇ. ಬಾರ್ಟನ್ ಅತ್ತದ್ದು ತನಗೊದಗಿದ ಗತಿಗಾಗಿ, ಅವಳಿಗಾಗಿ ಅಲ್ಲ. ಅವನ ಸ್ಫೂರ್ತಿಯು ಚಿಮ್ಮಿದ್ದು ಆ ಪೆಟ್ಟಿಗೆಯ ಎದುರಿನಲ್ಲಿ. ಪ್ರೇಕ್ಷಕರೂ ಪೆಟ್ಟಿಗೆಯ ಅರ್ಥವನ್ನು ಹುಡುಕುವ ಉತ್ಸಾಹದಲ್ಲಿ ಅವಳನ್ನು ಮರೆತರು. ಒಂದು ಸಾವು ಸಂಕೇತವಾಗಿ ಮಾರ್ಪಟ್ಟೊಡನೆ ಅದು ಸಾವಾಗಿ ಉಳಿಯುವುದಿಲ್ಲ. ನೋಡಿದವರ ಕಣ್ಣೆದುರು ಬಾರ್ಟನ್‌ನ ಕೈಯಾರೆ ನಡೆಯುವ ಒಂದೇ ಕೊಲೆ ಆ ಸೊಳ್ಳೆಯದು. ಅದನ್ನಂತೂ ಕೊಲೆಯೆಂದು ಎಣಿಸಿದವರೇ ಇಲ್ಲ! ಅದರ ರಕ್ತದ ಚುಕ್ಕೆಯಿಂದಲೇ ಉಳಿದ ರಕ್ತವೆಲ್ಲ ಕಾಣತೊಡಗುತ್ತದೆಂಬುದನ್ನು ಅಹಿಂಸೆಯ ಸಂಸ್ಕಾರವುಳ್ಳ ಪ್ರೇಕ್ಷಕನಾದರೂ ಗಮನಿಸಬೇಕು.

ನೋಡುವವರ ವಿಷಯದಲ್ಲಿ ಕನ್ನಡಿಗರ ಆದಿಕವಿಯು ಸಾವಿರ ವರ್ಷಗಳ ಹಿಂದೆಯೇ ಒಂದು ಮಹತ್ತಾದ ಪ್ರಸಂಗವನ್ನು ಕೊಟ್ಟಿದ್ದಾನೆ. ಪಂಪನ ‘ಆದಿಪುರಾಣ’ದಲ್ಲಿ ನೀಲಾಂಜನೆಯು ವೃಷಭನಾಥನ ಆಸ್ಥಾನದಲ್ಲಿ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯವು ತೀರಿ ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಅವಳಂಥವಳನ್ನೇ ಆ ಕ್ಷಣದಲ್ಲಿ ನಿಲ್ಲಿಸುತ್ತಾನೆ, ನೃತ್ಯ ಮುಂದುವರಿಯುತ್ತದೆ, ಸಭೆಗೆ ಸಭೆಯೇ ಮೆಚ್ಚುತ್ತದೆ. ಒಬ್ಬಳು ಇಲ್ಲವಾದಳೆಂಬುದನ್ನು ಕಂಡವನು ವೃಷಭನೊಬ್ಬನೇ. ಸಭೆಯವರಿಗೂ ಅವನಿಗೂ ಕಣ್ಣುಗಳು ಒಂದೇ ತೆರನವು, ನೋಡಿದ ನೃತ್ಯವೂ ಒಂದೇ. ಅವರು ರಸವನ್ನು ಕಂಡರು; ಅವನು ಜೀವವನ್ನು ಕಂಡನು. ಆ ಒಂದು ನೋಟದಿಂದ ಅವನಲ್ಲಿ ವೈರಾಗ್ಯವು ಮೂಡಿತು. ‘ಆದಿಪುರಾಣ’ದ ಕಾಲ ಕ್ರಿ.ಶ. 941, ಬಾರ್ಟನ್‌ನ ಕಥೆಯ ಕಾಲ 1941. ಇದು ಕೇವಲ ಕಾಕತಾಳೀಯವಾದರೂ, ಸಾವಿರ ವರ್ಷಗಳ ಅಂತರದಲ್ಲಿ ಸಭೆಯ ಸ್ವಭಾವವು ಬದಲಾಗಿಲ್ಲವೆಂಬುದನ್ನು ನೆನಪಿಟ್ಟುಕೊಳ್ಳಲು ಅನುಕೂಲವಾಗಿದೆ.

ಹೀಗೆಂದರೆ, ಆಟ ನಿಲ್ಲಿಸಿ ಎಲ್ಲರೂ ಕಣ್ಣೀರಿಡಬೇಕೇ, ಹಾಸ್ಯವೆಂಬುದೇ ಬೇಡವೇ ಎಂದು ಆಕ್ಷೇಪಿಸಬಹುದು. ಹಾಗಲ್ಲ. ನಗು ಬರುವುದು ಒಂದು ಉದಯ. ಅದರಲ್ಲಿ ನೆಲೆನಿಲ್ಲುವುದು ಮತ್ತೊಂದು. ಬಂದ ನಗುವಿಗೆ ಯಾರೂ ಪೂರ್ಣವಾಗಿ ಹೊಣೆಗಾರರಲ್ಲ. ನಕ್ಕ ಬಳಿಕ ಮನಸ್ಸು ಎಲ್ಲಿಗೆ ಹೋಯಿತೆಂಬುದಕ್ಕೆ ಪ್ರತಿಯೊಬ್ಬನೂ ಹೊಣೆ. ಕರಾಳ ಹಾಸ್ಯದಲ್ಲಿ ಉತ್ತಮವಾದುದು ನಗಿಸಿದ ಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಮಾಡುತ್ತದೆ. ಆ ಸಿಕ್ಕನ್ನು ನುಂಗಿಬಿಡದೆ ವಿಚಾರಿಸುವವನಿಗೆ ಚಿತ್ರವು ಉಪಕಾರಿಯಾಗುತ್ತದೆ.

ಶ್ರಾವಕನ ಕರ್ತವ್ಯ

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ದುಃಶ್ರುತಿಯನ್ನೂ ಸೇರಿಸಿದ್ದಾರೆ. ದ್ವೇಷ, ರಾಗ, ಮದ ಮೊದಲಾದವುಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಕೃತಿಗಳ ಶ್ರವಣವು ದುಃಶ್ರುತಿ. ಇಲ್ಲಿ ಆಚಾರ್ಯರು ಇಟ್ಟ ಮಾನದಂಡವು ಚಿತ್ತದ ಕಾಲುಷ್ಯ. ಕೃತಿಯಲ್ಲಿ ಸಾವಿದೆಯೇ, ಕ್ರೌರ್ಯವಿದೆಯೇ ಎಂಬುದಷ್ಟೇ ಮಾನದಂಡವಾಗಿದ್ದರೆ ಪುರಾಣಗಳ ಯುದ್ಧವರ್ಣನೆಗಳನ್ನೂ ಬಿಡಬೇಕಾಗುತ್ತಿತ್ತು. ಒಂದೇ ಕೃತಿಯು ಒಬ್ಬನ ಚಿತ್ತವನ್ನು ಕಲಕಿ ತಿಳಿಯಾಗಿಸಬಹುದು, ಮತ್ತೊಬ್ಬನ ಚಿತ್ತವನ್ನು ಕಲಕಿ ಹಾಗೆಯೇ ಬಿಡಬಹುದು. ಆದುದರಿಂದ ಪಕ್ವವಾಗದ ಮನಸ್ಸುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅವಶ್ಯಕ. ಅಮೆರಿಕದಲ್ಲಿಯೇ ಈ ಚಿತ್ರಕ್ಕೆ, ಹದಿನೇಳರ ಒಳಗಿನವರು ಹಿರಿಯರ ಜೊತೆಯಲ್ಲಿ ಮಾತ್ರ ನೋಡತಕ್ಕ ವರ್ಗದ ಮುದ್ರೆಯಿದೆ. ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ.

ಪ್ರಾಯಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಮಾತ್ರ ಎದ್ದುಹೋಗುವುದರಿಂದ ಪ್ರಯೋಜನವಿಲ್ಲ. ಎದ್ದುಹೋದ ತಂದೆಯೂ ಬಾರ್ಟನ್‌ನಂತೆ ಕೇಳಲು ಒಪ್ಪದವನೇ ಆಗುತ್ತಾನೆ. ನಿನಗೆ ಇಲ್ಲಿ ನಗು ಬಂದುದೇಕೆ ಎಂದು ಮಗನನ್ನು ಕೋಪವಿಲ್ಲದೆ ಕೇಳಿ, ಅವನ ಉತ್ತರ ಮುಗಿಯುವವರೆಗೆ ತಾಳ್ಮೆಯಿಂದಿರುವುದು ಲೇಸು. ಆ ಉತ್ತರದಲ್ಲಿ ತಿರಸ್ಕಾರವಿದ್ದರೆ ಅವನಿಗೇ ಗೊತ್ತಾಗುತ್ತದೆ. ತಿಳಿವಳಿಕೆಯಿದ್ದರೆ ತಂದೆಗೆ ಗೊತ್ತಾಗುತ್ತದೆ. ಬಸದಿಗಳ ಆಡಳಿತ ಮಂಡಳಿಗಳು ಸ್ವಾಧ್ಯಾಯ ಕೂಟಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ಇಂಥ ವಿಷಯಗಳಿಗೆ ಎಡೆಮಾಡಿಕೊಟ್ಟು, ತರುಣರು ಮಾತನಾಡುವಂತೆಯೂ ಹಿರಿಯರು ಕೇಳುವಂತೆಯೂ ಏರ್ಪಾಡು ಮಾಡಬಹುದು. ಸಾಮಾನ್ಯವಾಗಿ ಇದು ತಿರುಗುಮುರುಗಾಗಿಯೇ ನಡೆಯುತ್ತದೆ. ‘ಕೇಳದ ತಲೆಮಾರು’ ಎಂದು ತರುಣರನ್ನು ಹಳಿಯುವ ಸಭೆಗಳಲ್ಲಿ ತರುಣರಿಗೆ ಮಾತನಾಡಲು ಎಷ್ಟು ನಿಮಿಷ ದೊರೆಯಿತೆಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ.

ಗೃಹಸ್ಥಧರ್ಮವನ್ನು ಪಾಲಿಸುವವನಿಗೆ ಪೂರ್ವಿಕರು ಇಟ್ಟ ಹೆಸರು ಶ್ರಾವಕ, ಎಂದರೆ ಕೇಳುವವನು. ದಾನ ಮಾಡುವವನೆಂದಾಗಲಿ, ಪೂಜಿಸುವವನೆಂದಾಗಲಿ, ಮಾತನಾಡುವವನೆಂದಾಗಲಿ ಹೆಸರಿಡಲಿಲ್ಲ. ಆ ಹೆಸರನ್ನು ಹೊತ್ತವರು, ಪಕ್ಕದ ಕೊಠಡಿಯ ನೆರೆಯವನು ಕಥೆ ಹೇಳಲು ಬಾಯಿ ತೆರೆದಾಗ ಏನು ಮಾಡುತ್ತಾರೆ, ಅಂಗಡಿಯ ಗುಮಾಸ್ತನು ತನ್ನ ಕಷ್ಟ ಹೇಳಲು ಬಂದಾಗ ಎಷ್ಟು ಹೊತ್ತು ಕೇಳುತ್ತಾರೆ, ಮನೆಯ ಹೆಣ್ಣುಮಕ್ಕಳ ದುಡಿಮೆಯು ಯಾರ ಹೆಸರಿನಲ್ಲಿ ಜಮೆಯಾಗುತ್ತಿದೆಯೆಂಬುದನ್ನು ಎಂದಾದರೂ ವಿಚಾರಿಸುತ್ತಾರೆಯೇ, ಇವೇ ಆ ದೂರದೇಶದ ಚಿತ್ರವು ಈ ನೆಲದ ಪ್ರೇಕ್ಷಕನಿಗೆ ಕೇಳುವ ಪ್ರಶ್ನೆಗಳು. ಪೆಟ್ಟಿಗೆಯಲ್ಲಿ ಏನಿದೆಯೆಂಬುದಕ್ಕಿಂತ ಇವುಗಳಿಗೆ ಉತ್ತರ ಹುಡುಕುವುದು ಹೆಚ್ಚು ಕಷ್ಟ; ಆದರೆ ಹೆಚ್ಚು ಅವಶ್ಯಕ.